‘ಜಸ್ಟ್ ಕಿಡ್ಡಿಂಗ್’ ಅಂದ್ರೆ ಮೇಕೆ ಮರಿ ಹಾಕೋದಾ?

ಪ್ರಶ್ನೆ: ಸರ್, ನಾನು ಬೆಂಗಳೂರಿನ ಒಂದು ಸಾಫ್ಟ್‌ವೇರ್ ಕಂಪನಿಯಲ್ಲಿ ಕೆಲಸ ಮಾಡುತ್ತೇನೆ. ಊರು ಹಾಸನದ ಕಡೆ. ಹತ್ತನೇ ಕ್ಲಾಸಿನವರೆಗೆ ಕನ್ನಡ ಮೀಡಿಯಂ. ಹೋದ ತಿಂಗಳು ಒಂದು ಕಾಲ್‌ನಲ್ಲಿ ಅಮೆರಿಕದ ಮ್ಯಾನೇಜರ್, ರಿಲೀಸ್ ಎರಡು ವಾರ ಮುಂಚೆಯೇ ಆಗಬೇಕು ಅಂದರು. ನಾನು ನಗುತ್ತಲೇ ‘ಆರ್ ಯು ಕಿಡ್ಡಿಂಗ್ ಮಿ?’ ಅಂದೆ. ನನ್ನ ಕ್ಯಾಮೆರಾ ಆಫ್ ಇತ್ತು. ಆ ಕಡೆಯಿಂದ ಸ್ವಲ್ಪ ಹೊತ್ತು ಸದ್ದೇ ಇಲ್ಲ. ಆಮೇಲೆ ನಮ್ಮ ಲೀಡ್ ಕರೆದು, ‘ಕ್ಲೈಂಟ್ ಹತ್ರ ಹಾಗೆಲ್ಲ ಮಾತಾಡಬಾರದು’ ಅಂದರು. ನನಗೆ ತಪ್ಪೇನು ಅಂತಲೇ ತಿಳಿಯಲಿಲ್ಲ. ಮನೆಯಲ್ಲಿ ಹೇಳಿದೆ. ಮಾರನೇ ದಿನ ಮಾವ ಫ್ಯಾಮಿಲಿ ಗ್ರೂಪಿಗೆ ಒಂದು ವಾಟ್ಸಾಪ್ ಮೆಸೇಜ್ ಹಾಕಿದರು. ‘ಕಿಡ್’ ಅಂದರೆ ಮೇಕೆ ಮರಿ, ‘ಕಿಡ್ಡಿಂಗ್’ ಅಂದರೆ ಮೇಕೆ ಮರಿ ಹಾಕುವುದು, ವಿದ್ಯಾವಂತರು ಈ ಮಾತು ಆಡಬಾರದು, ಜರ್ಮನ್ ಭಾಷೆಯ ‘ಕಿಂಡ್’ ಕೆಟ್ಟು ಕಿಡ್ ಆಗಿದೆ ಅಂತೆಲ್ಲ ಅದರಲ್ಲಿತ್ತು. ನಾನು ಮಗಳ ಶಾಲೆಯ ಬಗ್ಗೆ ಹೇಳುವಾಗ ‘ಕಿಡ್ಸ್’ ಅಂದರೂ ಈಗ ಮಾವ, ‘ಏನಮ್ಮಾ, ನಮ್ಮ ಮಗೂನ ಮೇಕೆ ಮಾಡ್ಬಿಟ್ಯಾ?’ ಅಂತಾರೆ. ಈ ಪದ ನಿಜಕ್ಕೂ ಕೆಟ್ಟದ್ದಾ? ಮ್ಯಾನೇಜರ್‌ಗೆ ಸಾರಿ ಅಂತ ಮೇಲ್ ಹಾಕಬೇಕಾ? ಬದಲಿಗೆ ‘ಪುಲ್ಲಿಂಗ್ ಮೈ ಲೆಗ್’ ಅನ್ನಬಹುದಾ?

ಉತ್ತರ:

ನಿಮ್ಮ ಪತ್ರದಲ್ಲಿ ಎರಡು ಬೇರೆ ಬೇರೆ ಚಿಂತೆಗಳು ಒಂದಕ್ಕೊಂದು ಸುತ್ತಿಕೊಂಡಿವೆ. ಒಂದು, ಪದವೇ ಹೊಲಸಾ ಅನ್ನುವುದು. ಇನ್ನೊಂದು, ಆ ದಿನ ಕಾಲ್‌ನಲ್ಲಿ ಏನು ಎಡವಟ್ಟಾಯಿತು ಅನ್ನುವುದು. ಮೇಕೆಯಿಂದ ಆದ ಎಡವಟ್ಟು ಅಂತ ನಿಮಗೆ ಅನ್ನಿಸಿದೆ. ಅಲ್ಲ. ಆ ಮ್ಯಾನೇಜರ್‌ಗೆ ಮೇಕೆ ಮರಿ ನೆನಪಿಗೂ ಬಂದಿರುವುದಿಲ್ಲ.

ನಾನು ವರ್ಷಗಟ್ಟಲೆ ಇಂಗ್ಲಿಷ್ ಪಾಠ ಮಾಡಿ, ಆಮೇಲೆ ನಿಘಂಟಿನ ಕೆಲಸಕ್ಕೆ ಬಂದವನು. ಈಗ ಆಗಾಗ ಕಂಪನಿಗಳಲ್ಲಿ ಮಾತಿನ ತರಬೇತಿ ಕೊಡುತ್ತೇನೆ. ನಿಮ್ಮಂಥ ಪ್ರಶ್ನೆ ಬಹಳ ಸಲ ಬರುತ್ತದೆ. ಜೊತೆಗೆ ಇಂಥದ್ದೊಂದು ಫಾರ್ವರ್ಡ್ ಇದ್ದೇ ಇರುತ್ತದೆ. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಜನ ಗ್ರೂಪಿನಲ್ಲಿ ಜಾಸ್ತಿ. ಇಲ್ಲಿ ಈದಿರುವುದು ಮೇಕೆ, ಅಷ್ಟೇ ವ್ಯತ್ಯಾಸ.

ಆ ಮೆಸೇಜಿನಲ್ಲಿ ಇರುವುದೆಲ್ಲ ಸುಳ್ಳಲ್ಲ. ಅದಕ್ಕೇ ಅದು ಜನರನ್ನು ನಂಬಿಸುತ್ತದೆ. ಕಿಡ್ ಅಂದರೆ ಮೊದಲು ಮೇಕೆ ಮರಿ ಅನ್ನುವುದು ನಿಜ. ಮೇಕೆ ಮರಿ ಹಾಕುವುದಕ್ಕೆ ಇಂಗ್ಲಿಷಿನಲ್ಲಿ ಕಿಡ್ಡಿಂಗ್ ಅನ್ನುವುದೂ ನಿಜ. ಹಸು ಕರು ಹಾಕಿದರೆ ಕಾವಿಂಗ್, ಕುರಿ ಮರಿ ಹಾಕಿದರೆ ಲ್ಯಾಂಬಿಂಗ್, ಮೇಕೆಯಾದರೆ ಕಿಡ್ಡಿಂಗ್. ಪಶುವೈದ್ಯರ ಪುಸ್ತಕ ತೆಗೆದರೆ ಎರಡು ಸೂಲುಗಳ ನಡುವಿನ ಅಂತರಕ್ಕೆ ‘ಕಿಡ್ಡಿಂಗ್ ಇಂಟರ್‌ವಲ್’ ಅಂತಲೇ ಇರುತ್ತದೆ. ಮೇಕೆ ಸಾಕುವವರಿಗೆ ಇದು ದಿನನಿತ್ಯದ ಮಾತು. ಗಬ್ಬವಾಗಿ ಸುಮಾರು 150 ದಿನಕ್ಕೆ ಮೇಕೆ ಮರಿ ಹಾಕುತ್ತದೆ, ಆ ದಿನಗಳೇ ಅವರಿಗೆ ಕಿಡ್ಡಿಂಗ್ ಸೀಸನ್. ಆದರೆ ಒಂದು ಪದಕ್ಕೆ ಎರಡು ಅರ್ಥ ಇದೆ ಅಂದಮಾತ್ರಕ್ಕೆ ಒಂದು ಇನ್ನೊಂದನ್ನು ಮೈಲಿಗೆ ಮಾಡುವುದಿಲ್ಲ. ನಾವು ‘ಹತ್ತು’ ಅಂದಾಗ ಲೆಕ್ಕದ ಹತ್ತೋ, ಮರ ಹತ್ತುವುದೋ ಅಂತ ಯಾರೂ ಗೊಂದಲ ಮಾಡಿಕೊಳ್ಳುವುದಿಲ್ಲ ಅಲ್ವಾ?

ಇನ್ನು ಮಗು ಅನ್ನುವ ಅರ್ಥದ ಜರ್ಮನ್ ‘ಕಿಂಡ್’ ವಿಚಾರ. ಇದು ಪೂರ್ತಿ ತಪ್ಪು. ಕಿಂಡರ್‌ಗಾರ್ಟನ್ ಅನ್ನುವ ಹೆಸರನ್ನು ಫ್ರೋಬೆಲ್ ಎಂಬ ಜರ್ಮನ್ ಶಿಕ್ಷಣತಜ್ಞರು ಕಟ್ಟಿದ್ದು 1840ರಲ್ಲಿ. ಆ ಹೊತ್ತಿಗೆ ಇಂಗ್ಲಿಷರು ಮಕ್ಕಳಿಗೆ ಕಿಡ್ ಅನ್ನಲು ಶುರುಮಾಡಿ ಇನ್ನೂರು ವರ್ಷದ ಮೇಲಾಗಿತ್ತು. ಜರ್ಮನಿನ ಕಿಂಡ್‌ಗೆ ಇಂಗ್ಲಿಷಿನಲ್ಲಿ ನೆಂಟಸ್ತಿಕೆ ಇರುವುದು ಬಂಧುಬಳಗ ಅನ್ನುವ ಅರ್ಥದ ‘ಕಿನ್’ ಜೊತೆ. ಕಿಡ್ ಜೊತೆ ಅಲ್ಲ. ಎಲ್‌ಕೆಜಿ, ಯುಕೆಜಿ ಮಕ್ಕಳನ್ನು ನಾವು ಕಿಡ್ಸ್ ಅನ್ನುವುದರಿಂದ ಎರಡೂ ಒಂದೇ ಅನ್ನಿಸುತ್ತದೆ, ಅಷ್ಟೇ.

ಹಾಗಾದರೆ ಕಿಡ್ ಎಲ್ಲಿಂದ ಬಂತು? ಹಡಗಿನಲ್ಲಿ ಬಂತು. 9ನೇ ಶತಮಾನದಲ್ಲಿ ಡೆನ್ಮಾರ್ಕ್, ನಾರ್ವೆ ಕಡೆಯ ವೈಕಿಂಗರು ಇಂಗ್ಲೆಂಡಿನ ಉತ್ತರ ಮತ್ತು ಪೂರ್ವ ಭಾಗಕ್ಕೆ ಬಂದು ನೆಲೆಸಿದರು. ದೋಚಲು ಬಂದವರು ಉಳುಮೆ ಮಾಡಿಕೊಂಡು, ಮದುವೆಯಾಗಿ ಅಲ್ಲೇ ಉಳಿದರು. ಅವರ ನಾರ್ಸ್ ಭಾಷೆಯಿಂದ ಇಂಗ್ಲಿಷಿಗೆ ಸಿಕ್ಕ ಪದಗಳು ಒಂದೆರಡಲ್ಲ. ಎಗ್, ಸ್ಕೈ, ನೈಫ್, ವಿಂಡೋ, ಹಸ್ಬೆಂಡ್, ಕೊನೆಗೆ ‘ದೇ’ ಅನ್ನುವ ಸರ್ವನಾಮ ಕೂಡ ಅಲ್ಲಿಂದಲೇ. ಮೇಕೆ ಮರಿಗೆ ಅವರು ‘ಕಿದ್’ ಅನ್ನುತ್ತಿದ್ದರು. ಹಳೆಯ ಇಂಗ್ಲಿಷಿನಲ್ಲಿ ಮೇಕೆ ಮರಿಗೆ ಬೇರೆ ಪದವೇ ಇತ್ತು, ‘ಟಿಚ್ಚೆನ್’. ಅದು ಕಾಣೆಯಾಯಿತು. 1200ರ ಹೊತ್ತಿಗೆ ಬರಹದಲ್ಲಿ ಕಿಡ್ ಕಾಣಿಸಿಕೊಳ್ಳುತ್ತದೆ.

ಇದು ಹೊರಗಿನಿಂದ ಬಂದದ್ದು ಅಂತ ಗುರುತು ಹಿಡಿಯಲು ಉಚ್ಚಾರದಲ್ಲೇ ಒಂದು ಸುಳಿವಿದೆ. ಕನ್ನಡಿಗರಿಗೆ ಇದು ಬೇಗ ಹೊಳೆಯುತ್ತದೆ. ನಮ್ಮ ಕಿವಿ ತೆಲುಗಿನಲ್ಲಿ ಚೆವಿ. ನಮ್ಮ ಕೆರೆ ಅಲ್ಲಿ ಚೆರುವು. ಇ, ಎ ಸ್ವರಗಳ ಮುಂದೆ ತೆಲುಗು, ತಮಿಳುಗಳಲ್ಲಿ ಕಕಾರ ಚಕಾರವಾಯಿತು. ಕನ್ನಡ ಮಾತ್ರ ಕಕಾರವನ್ನೇ ಹಿಡಿದುಕೊಂಡಿತು. ಇಂಗ್ಲಿಷಿನಲ್ಲೂ ಹೀಗೇ ಆಗಿದೆ. ಹಳೆಯ ಕಾಲದ ‘ಕಿಲ್ಡ್’ ಚೈಲ್ಡ್ ಆಯಿತು, ‘ಕಿರಿಚೆ’ಯಂಥದ್ದು ಚರ್ಚ್ ಆಯಿತು. ಆದರೆ ನಾರ್ಸ್ ಭಾಷೆಯಿಂದ ತಡವಾಗಿ ಬಂದ ಕಿಡ್‌ಗೆ ಆ ಬದಲಾವಣೆ ತಟ್ಟಲಿಲ್ಲ. (ಹಾಗಾದರೆ ಕಿಂಗ್, ಕಿಸ್ ಯಾಕೆ ಚಿಂಗ್, ಚಿಸ್ ಆಗಲಿಲ್ಲ ಅಂತ ಕೇಳುವವರಿಗೆ: ಆಗ ಅವುಗಳಲ್ಲಿ ಇದ್ದ ಸ್ವರವೇ ಬೇರೆ, ಈಗಿನ ಇಕಾರ ಆಮೇಲೆ ಬಂದದ್ದು.) ಹೀಗೆ ಮನೆಯ ಪದ ಚೈಲ್ಡ್, ಹೊರಗಿನಿಂದ ಬಂದ ಕಿಡ್ ಎರಡೂ ಒಂದೇ ಮಗುವಿಗೆ ಅಂಟಿಕೊಂಡವು.

ಮಗುವಿಗೆ ಕಿಡ್ ಅನ್ನುವ ಬಳಕೆ 1600ರ ಆಸುಪಾಸಿನದು. ಆಗ ಅದು ಬೀದಿ ಮಾತು. ಮರ್ಯಾದಸ್ಥರು ಬರೆಯುತ್ತಿರಲಿಲ್ಲ. 19ನೇ ಶತಮಾನದ ನಡುವಿಗೆ ಅದು ಮನೆಮಾತಾಯಿತು. ನಿಮ್ಮ ಮಾವನವರಿಗೆ ಇಷ್ಟು ಹೇಳಿ ನೋಡಿ: ನಾವೂ ಇದನ್ನೇ ಮಾಡಿದ್ದೇವೆ. ‘ಬಾ ಮರಿ’, ‘ಏನ್ ಮರಿ, ಊಟ ಆಯ್ತಾ’ ಅಂತ ಮುದ್ದು ಮಾಡುವಾಗ ಯಾರ ಮಗುವೂ ಮೇಕೆ ಆಗುವುದಿಲ್ಲ. ಮರಿಗೌಡ, ಮರಿಯಪ್ಪ, ಮರಿಸ್ವಾಮಿ ಅಂತ ಹೆಸರಿಟ್ಟುಕೊಂಡು ತಲೆಯೆತ್ತಿ ತಿರುಗಿದ ದೊಡ್ಡವರು ಎಷ್ಟು ಜನ! ಹಾಗೆಯೇ ‘ಮರಿ ಪುಢಾರಿ’ ಅಂದಾಗ ಅದೇ ಪದಕ್ಕೆ ಸ್ವಲ್ಪ ಚುಚ್ಚುವ ಗುಣ ಬರುತ್ತದೆ. ಮುದ್ದೂ ಅದೇ ಪದದಲ್ಲಿ, ಕುಟುಕೂ ಅದೇ ಪದದಲ್ಲಿ. ಕಿಡ್‌ಗೂ ಹಾಗೇ ಆಯಿತು.

ಈಗ ಅಸಲು ಕಥೆಗೆ ಬರೋಣ. ತಮಾಷೆ ಮಾಡುವುದಕ್ಕೆ ಕಿಡ್ ಅನ್ನುವುದು ಹೇಗೆ ಶುರುವಾಯಿತು?

ಮೇಕೆ ಮರಿಗಳು ಚಂಗನೆ ನೆಗೆದು ಆಟವಾಡುತ್ತವೆ, ಅದಕ್ಕೇ ಆಟದ ಮಾತಿಗೆ ಕಿಡ್ಡಿಂಗ್ ಅಂದರು ಅಂತ ಒಂದು ವಿವರಣೆ ಓಡಾಡುತ್ತದೆ. ಕೇಳಲು ಚೆನ್ನಾಗಿದೆ. ಪುರಾವೆ ಇಲ್ಲ. ಮೇಕೆಯ ನೆಗೆತ ನಿಜವಾಗಿ ಇರುವುದು ‘ಕೇಪರ್’ ಅನ್ನುವ ಇನ್ನೊಂದು ಪದದಲ್ಲಿ. ಕುಣಿದು ಕುಪ್ಪಳಿಸುವುದು ಅಂತ ಅದರರ್ಥ. ಅದು ಇಟಲಿ ಭಾಷೆಯ ಮೂಲಕ ಲ್ಯಾಟಿನ್ನಿನ ಕಾಡುಮೇಕೆಯ ಹೆಸರಿಗೆ ಹೋಗಿ ಮುಟ್ಟುತ್ತದೆ. ಕಿಡ್ಡಿಂಗ್‌ನ ದಾರಿ ಬೇರೆ. ಅದು ಕಳ್ಳರ ಓಣಿಯಿಂದ ಬಂದದ್ದು.

ಫ್ರಾನ್ಸಿಸ್ ಗ್ರೋಸ್ ಎಂಬ ಇಂಗ್ಲಿಷ್ ವಿದ್ವಾಂಸ 1785ರಲ್ಲಿ ಬೀದಿ ಭಾಷೆಯ ನಿಘಂಟೊಂದನ್ನು ಅಚ್ಚು ಹಾಕಿಸಿದ. ಜೇಬುಗಳ್ಳರು, ಸೈನಿಕರು, ಹೆಂಡದಂಗಡಿಯವರು ಆಡುವ ಮಾತುಗಳನ್ನು ಪದ ಪದವಾಗಿ ಹೆಕ್ಕಿ ಕೂಡಿಸಿದ ಪುಸ್ತಕ ಅದು. ಅವನು ತೀರಿಕೊಂಡ ಮೇಲೆ 1811ರಲ್ಲಿ ಲಂಡನ್ನಿನಲ್ಲಿ ಅದನ್ನು ಹಿಗ್ಗಿಸಿ ‘ಲೆಕ್ಸಿಕನ್ ಬಲಟ್ರಾನಿಕಮ್’ ಅನ್ನುವ ಭಾರೀ ಹೆಸರಿನಲ್ಲಿ ತಂದರು. ಅದರಲ್ಲಿ ‘ಟು ಕಿಡ್’ ಅನ್ನುವ ಕ್ರಿಯಾಪದ ಇದೆ. ಅರ್ಥ ಏನು ಕೊಟ್ಟಿದ್ದಾರೆ ಗೊತ್ತಾ? ಬೆಣ್ಣೆ ಹಚ್ಚಿ ಒಲಿಸಿಕೊಳ್ಳುವುದು. ಒಬ್ಬನನ್ನು ಇನ್ನೊಬ್ಬ ದೋಚುತ್ತಿರುವಾಗ, ಅವನಿಗೆ ಅದು ತಿಳಿಯದಂತೆ ಮಾತಿನಲ್ಲಿ ಹಿಡಿದಿಡುವುದು. ಉದಾಹರಣೆಗೆ ಕೊಟ್ಟ ವಾಕ್ಯವೂ ಅಂಥದ್ದೇ: ಕಳ್ಳ ಮನೆಯ ಯಜಮಾನನನ್ನು ‘ಕಿಡ್’ ಮಾಡಿದ, ಅಷ್ಟರಲ್ಲಿ ಅವನ ಜೊತೆಗಾರ ಮನೆ ಗುಡಿಸಿ ಹಾಕಿದ. ನಮ್ಮ ಪತ್ರಿಕೆಗಳಲ್ಲಿ ‘ಗಮನ ಬೇರೆಡೆ ಸೆಳೆದು ಚಿನ್ನಾಭರಣ ಕಳವು’ ಅಂತ ಬರುತ್ತದಲ್ಲ, ಅದೇ ಕಸುಬು. ‘ಸಾರ್, ನಿಮ್ಮ ನೋಟು ಬಿದ್ದಿದೆ ನೋಡಿ’ ಅನ್ನುವವನೇ ಅಸಲು ಕಿಡ್ಡಿಂಗ್ ಮಾಡುವವನು.

ಅದೇ ವಾಕ್ಯದಲ್ಲಿ ಇನ್ನೊಂದು ಪದ ಇದೆ. ಜೊತೆಗಾರ ಅನ್ನಲು ‘ಪಾಲ್’ ಅಂತ ಹಾಕಿದ್ದಾರೆ. ಈಗ ಗೆಳೆಯನಿಗೆ ಅನ್ನುವ ‘ಪ್ಯಾಲ್’ ಅದೇ. ಅದು ರೊಮಾನಿ ಭಾಷೆಯದು, ಅಲ್ಲಿ ‘ಫ್ರಾಲ್’ ಅಂದರೆ ಅಣ್ಣತಮ್ಮ. ರೊಮಾನಿ ಜನ ಭಾರತದಿಂದ ಹೊರಟು ಹೋದವರು. ಅವರ ಪದದ ಬೇರು ಸಂಸ್ಕೃತದ ಭ್ರಾತೃ. ಕಳ್ಳರ ನಿಘಂಟಿನ ಒಂದು ಸಾಲಿನಲ್ಲಿ ನಮಗೆ ಗುರುತಿರುವ ಮುಖವೊಂದು ಕೂತಿದೆ. ಇದಕ್ಕೂ ನಿಮ್ಮ ಪ್ರಶ್ನೆಗೂ ಸಂಬಂಧವಿಲ್ಲ, ಹೇಳದೆ ಇರಲಾಗಲಿಲ್ಲ.

ಮಗು ಅಥವಾ ಮರಿ ಅನ್ನುವ ನಾಮಪದ ಮೋಸ ಮಾಡುವುದು ಅನ್ನುವ ಕ್ರಿಯಾಪದ ಆದದ್ದು ಹೇಗೆ? ಒಬ್ಬನನ್ನು ಏನೂ ತಿಳಿಯದ ಕಿಡ್ ಮಾಡುವುದರಿಂದ ಅಂತ ನಿಘಂಟುಗಳು ಊಹಿಸುತ್ತವೆ. ಆ ಕಿಡ್ ಮಗುವೋ, ಮೇಕೆಯೋ ಅಂತ ಕಡ್ಡಿ ಮುರಿದಂತೆ ಹೇಳುವುದು ಕಷ್ಟ. ಹೆಚ್ಚಿನವರು ಮಗುವಿನ ಕಡೆ ವಾಲುತ್ತಾರೆ. ನನಗೂ ಅದೇ ಸರಿ ಅನ್ನಿಸುತ್ತದೆ, ಯಾಕೆಂದರೆ ಆ ಹೊತ್ತಿಗೆ ಲಂಡನ್ನಿನ ಬೀದಿಯಲ್ಲಿ ಕಿಡ್ ಅಂದರೆ ಮಗು ಅನ್ನುವ ಅರ್ಥವೇ ಚಾಲ್ತಿಯಲ್ಲಿತ್ತು. ಗ್ರೋಸ್‌ನ ನಿಘಂಟಿನಲ್ಲೂ ಆ ಅರ್ಥ ಇದೆ. ಹಾಗಂತ ಮೇಕೆಯನ್ನು ಪೂರ್ತಿ ತಳ್ಳಿಹಾಕುವ ಧೈರ್ಯ ಕನ್ನಡಿಗನಾದ ನನಗಿಲ್ಲ. ‘ನನ್ನನ್ನೇ ಕುರಿ ಮಾಡ್ಬಿಟ್ಟ’, ‘ಬಕ್ರಾ ಮಾಡಿದ್ರು’, ‘ಮಂಗ ಮಾಡ್ಬೇಡ’ ಅಂತ ದಿನ ಬೆಳಗಾದರೆ ಅನ್ನುವವರು ನಾವು. ಪ್ರಾಣಿ ಮಾಡಿ ಮೋಸ ಮಾಡುವುದು ನಮಗೆ ತೀರಾ ಸಹಜ.

ಇದೇ ಬಳಗದ ಇನ್ನೊಂದು ಪದ ‘ಕಿಡ್ನ್ಯಾಪ್’. ಇದು 1680ರ ಆಸುಪಾಸಿನದು. ನಿದ್ದೆಯ ನ್ಯಾಪ್ ಅಲ್ಲ ಇದು. ಕಸಿದು ಹಿಡಿಯುವುದಕ್ಕೆ ‘ನ್ಯಾಬ್’ ಅನ್ನುತ್ತಾರಲ್ಲ, ಅದರ ಇನ್ನೊಂದು ರೂಪ. ಆಗ ಅಮೆರಿಕದ ತೋಟಗಳಿಗೆ ಕೂಲಿಯಾಳುಗಳು ಬೇಕಿತ್ತು. ಇಂಗ್ಲೆಂಡಿನ ಬಂದರುಗಳಲ್ಲಿ ಮಕ್ಕಳನ್ನು, ದಿಕ್ಕಿಲ್ಲದ ಹುಡುಗ ಹುಡುಗಿಯರನ್ನು ಪುಸಲಾಯಿಸಿಯೋ ಹೊತ್ತುಕೊಂಡೋ ಹಡಗು ಹತ್ತಿಸಿ ಮಾರುವವರಿದ್ದರು. ಅವರ ಕೆಲಸಕ್ಕೆ ಹುಟ್ಟಿದ ಹೆಸರು ಇದು. ದೊಡ್ಡವರನ್ನು ಎಗರಿಸಿದರೂ ಕಿಡ್ನ್ಯಾಪ್ ಅನ್ನುವುದು ಇದೇ ಕಾರಣಕ್ಕೆ: ಹೆಸರು ಗಟ್ಟಿಯಾದ ಮೇಲೆ ಅದರೊಳಗಿನ ಕಿಡ್ ಯಾರ ಕಣ್ಣಿಗೂ ಬೀಳಲಿಲ್ಲ.

19ನೇ ಶತಮಾನ ಕಳೆಯುತ್ತ ಕಿಡ್ಡಿಂಗ್‌ನ ವಿಷ ಇಳಿಯಿತು. ದೋಚಲು ಆಡುವ ಸುಳ್ಳು, ನಗಿಸಲು ಆಡುವ ಸುಳ್ಳಾಯಿತು. ಇದೇನೂ ಹೊಸ ದಾರಿಯಲ್ಲ. ‘ಫನ್’ ಕೂಡ 1700ರ ಹೊತ್ತಿಗೆ ಮೋಸ, ಟೋಪಿ ಅನ್ನುವ ಅರ್ಥದಲ್ಲಿತ್ತು. ಸ್ಯಾಮ್ಯುಯೆಲ್ ಜಾನ್ಸನ್ 1755ರ ತನ್ನ ದೊಡ್ಡ ನಿಘಂಟಿನಲ್ಲಿ ಫನ್ ಅನ್ನು ಕೀಳು ಮಂದಿಯ ಮಾತು ಅಂತ ಮೂಗು ಮುರಿದು ಸೇರಿಸಿದ. ಈಗ ಶಾಲೆಗಳಲ್ಲೇ ‘ಫನ್ ಡೇ’ ಮಾಡುತ್ತಾರೆ. ‘ಮೇಕ್ ಫನ್ ಆಫ್’ ಅಂದಾಗ ಮಾತ್ರ ಆ ಹಳೆಯ ಮೋಸದ ಅರ್ಥ ಸ್ವಲ್ಪ ಇಣುಕುತ್ತದೆ. ಗಂಭೀರವಾದದ್ದು ಇಳಿದು ನಗೆಯಾದದ್ದೂ ಇದೆ. ‘ಜೆಸ್ಟ್’ ಮೊದಲು ವೀರರ ಸಾಹಸ, ಆಮೇಲೆ ಸಾಹಸದ ಕಥೆ, ಆಮೇಲೆ ಕಟ್ಟುಕಥೆ, ಕೊನೆಗೆ ಹಾಸ್ಯ. ‘ಜೋಕ್’ ಒಂದೇ ಮೊದಲಿನಿಂದ ಜೋಕಾಗಿಯೇ ಇದೆ, ಲ್ಯಾಟಿನ್ನಿನ ‘ಯೋಕುಸ್’ನಿಂದ. ಆದರೆ ಅದರ ಬಳಗ ನೋಡಿ. ಚೆಂಡು ಹಾರಿಸುವ ಜಗ್ಲರ್ ಅದರ ನೆಂಟ. ಅಪಾಯ ಅನ್ನುವ ‘ಜೆಪರ್ಡಿ’ ಕೂಡ ನೆಂಟನೇ. ಫ್ರೆಂಚಿನಲ್ಲಿ ಅದು ಎರಡೂ ಕಡೆ ಸಮಬಲದ ಆಟ, ಯಾರು ಗೆಲ್ಲುತ್ತಾರೋ ಗೊತ್ತಿಲ್ಲದ ಆಟ. ಜೋಕ್ ಹೊಡೆಯುವಾಗ ಆ ನೆಂಟ ಪಕ್ಕದಲ್ಲೇ ಇರುತ್ತಾನೆ ಅನ್ನುವುದು ನಿಮಗೆ ಆ ಕಾಲ್‌ನಲ್ಲಿ ಗೊತ್ತಾಗಿದೆ.

ಇಷ್ಟೆಲ್ಲ ಹಳೆಯ ಕಥೆ ಯಾಕೆ ಹೇಳಿದೆ ಅಂದರೆ, ಕಿಡ್‌ನ ಮೋಸದ ಅರ್ಥ ಪೂರ್ತಿ ಸತ್ತಿಲ್ಲ. ಕೆಲವು ಮಾತುಗಳಲ್ಲಿ ಅದು ಇನ್ನೂ ಉಸಿರಾಡುತ್ತಿದೆ. ಮೇಕೆಗಿಂತ ಇದೇ ನೀವು ಗಮನಿಸಬೇಕಾದದ್ದು.

‘ಡೋಂಟ್ ಕಿಡ್ ಯುವರ್‌ಸೆಲ್ಫ್’ ಅಂದರೆ ನಿನಗೆ ನೀನೇ ಜೋಕ್ ಹೇಳಿಕೊಳ್ಳಬೇಡ ಅಂತಲ್ಲ. ನಿನಗೆ ನೀನೇ ಮೋಸ ಮಾಡಿಕೊಳ್ಳಬೇಡ ಅಂತ. ‘ಹೂ ಆರ್ ಯು ಕಿಡ್ಡಿಂಗ್?’ ಅಂದರೆ ಯಾರ ಕಿವಿಗೆ ಹೂವು ಇಡ್ತಾ ಇದ್ದೀಯ ಅಂತ. ಇದನ್ನು ತಮಾಷೆ ಅಂದುಕೊಂಡು ಮೇಲಧಿಕಾರಿಗೆ ಅಂದರೆ, ನೀವು ಸುಳ್ಳು ಹೇಳುತ್ತಿದ್ದೀರಿ ಅಂತ ಮುಖಕ್ಕೆ ಹೇಳಿದಂತೆ. ತರಬೇತಿಯಲ್ಲಿ ಈ ಒಂದು ಮಾತನ್ನು ಮಾತ್ರ ನಾನು ಕೆಲಸದ ಜಾಗದಲ್ಲಿ ಬೇಡವೇ ಬೇಡ ಅನ್ನುತ್ತೇನೆ.

‘ನೋ ಕಿಡ್ಡಿಂಗ್’ ಇನ್ನೊಂದು ಜಾರುಗುಪ್ಪೆ. ಅಚ್ಚರಿಯಲ್ಲಿ ಅಂದರೆ ‘ಹೌದಾ! ನಿಜವಾಗ್ಲೂ?’ ಅಂತ. ಅದೇ ಮಾತನ್ನು ದನಿ ಕೆಳಗಿಳಿಸಿ ಅಂದರೆ, ‘ಅದು ನಮಗೂ ಗೊತ್ತು ಬಿಡಿ, ಏನು ಮಹಾ ಹೇಳಿದಿರಿ’ ಅಂತ ವ್ಯಂಗ್ಯ. ಮೇಲ್‌ನಲ್ಲಿ, ಚಾಟ್‌ನಲ್ಲಿ ದನಿ ಇರುವುದಿಲ್ಲ. ಓದುವವರು ತಮಗೆ ತೋಚಿದ ದನಿ ಹಾಕಿಕೊಳ್ಳುತ್ತಾರೆ. ಡೆಡ್‌ಲೈನ್ ಒತ್ತಡದಲ್ಲಿ ಇರುವವರಿಗೆ ಯಾವ ದನಿ ತೋಚುತ್ತದೆ ಅಂತ ನಿಮಗೇ ಗೊತ್ತು.

ನೀವು ಅಂದ ‘ಆರ್ ಯು ಕಿಡ್ಡಿಂಗ್ ಮಿ?’ ಇವೆರಡರ ನಡುವೆ ನಿಲ್ಲುತ್ತದೆ. ಅದು ಬೈಗುಳವಲ್ಲ. ಅಮೆರಿಕದವರು ಗೆಳೆಯರ ನಡುವೆ ದಿನಕ್ಕೆ ಹತ್ತು ಸಲ ಅನ್ನುತ್ತಾರೆ. ಕ್ರಿಕೆಟ್ ನೋಡುವಾಗ ಒಳ್ಳೆಯ ಕ್ಯಾಚಿಗೆ ಕಾಮೆಂಟರಿಯಲ್ಲಿ ಕೂಡ ಬರಬಹುದು, ಆಗ ಅದು ಹೊಗಳಿಕೆ. ಆದರೆ ಕೆಟ್ಟ ಸುದ್ದಿ ತಂದವರಿಗೆ ಅಂದಾಗ ಅದೇ ಮಾತು ‘ಇದೇನು ಹುಡುಗಾಟನಾ?’ ಆಗಿಬಿಡುತ್ತದೆ. ಕನ್ನಡದಲ್ಲೂ ನೋಡಿ. ಗೆಳತಿ ನಿಶ್ಚಿತಾರ್ಥದ ಸುದ್ದಿ ಹೇಳಿದಾಗ ‘ಏಯ್, ತಮಾಷೆ ಮಾಡ್ತಿದ್ದೀಯಾ?’ ಅಂದರೆ ಖುಷಿ. ಬಸ್ಸಿನಲ್ಲಿ ಕಂಡಕ್ಟರ್ ಚಿಲ್ಲರೆ ಕೊಡದೆ ಟಿಕೆಟಿನ ಹಿಂದೆ ಬರೆದುಕೊಟ್ಟು ಮುಂದೆ ಹೋದಾಗ ‘ಏನ್ರೀ, ತಮಾಷೆ ಮಾಡ್ತಿದ್ದೀರಾ?’ ಅಂದರೆ ಇಡೀ ಬಸ್ಸು ತಿರುಗಿ ನೋಡುತ್ತದೆ. ಪದ ಅದೇ. ಯಾರಿಗೆ, ಯಾವ ಹೊತ್ತಿನಲ್ಲಿ, ಯಾವ ದನಿಯಲ್ಲಿ ಅನ್ನುವುದು ಬೇರೆ.

ದನಿಯ ವಿಚಾರದಲ್ಲಿ ನಮ್ಮ ಕಡೆಯವರಿಗೆ ಒಂದು ವಿಶೇಷ ತೊಂದರೆ ಇದೆ. ಇದನ್ನು ಯಾರೂ ಹೇಳಿಕೊಡುವುದಿಲ್ಲ. ಅಮೆರಿಕದವರು ಈ ವಾಕ್ಯವನ್ನು ಹೇಳುವಾಗ ‘ಆರ್ ಯು’ ನುಂಗಿ, ‘ಕಿಡ್’ ಮೇಲೆ ಮಾತ್ರ ಒತ್ತು ಕೊಟ್ಟು, ‘ಇಂಗ್ ಮಿ’ಯನ್ನು ಜಾರಿಸಿಬಿಡುತ್ತಾರೆ. ಒಂದೇ ಉಸಿರಿನಲ್ಲಿ ಮುಗಿಯುತ್ತದೆ. ನಾವು ಕನ್ನಡದ ರೂಢಿಯಂತೆ ಪ್ರತಿ ಪದವನ್ನೂ ಸಮವಾಗಿ, ಬಿಡಿ ಬಿಡಿಯಾಗಿ ಹೇಳುತ್ತೇವೆ. ಆರ್, ಯು, ಕಿಡ್ಡಿಂಗ್, ಮಿ. ನಮ್ಮ ಕಿವಿಗೆ ಅದು ಸ್ಪಷ್ಟ ಉಚ್ಚಾರ. ಅವರ ಕಿವಿಗೆ ಅದು ಹಲ್ಲು ಕಚ್ಚಿ ಆಡಿದ ಮಾತು, ಯಾಕೆಂದರೆ ಅವರಲ್ಲಿ ಒಂದೊಂದೇ ಪದ ಕುಟ್ಟಿ ಹೇಳುವುದು ಸಿಟ್ಟು ಬಂದಾಗ. ನಿಮ್ಮ ನಗು ಅವರಿಗೆ ಕಾಣಲಿಲ್ಲ, ಕ್ಯಾಮೆರಾ ಆಫ್. ಉಳಿದದ್ದು ಬರೀ ದನಿ. ಆ ಮೌನಕ್ಕೆ ಬಹುಶಃ ಇದೇ ಕಾರಣ. ಇಲ್ಲವೇ ಅವರ ಮೈಕ್ ಮ್ಯೂಟ್ ಆಗಿತ್ತೋ ಏನೋ. ಕಾಲ್‌ಗಳಲ್ಲಿ ಅರ್ಧಕ್ಕರ್ಧ ಮೌನ ಅದೇ.

ನಿಮ್ಮ ಲೀಡ್ ಹೇಳಿದ್ದು ಅರ್ಧ ಸರಿ. ಮಾತು ಸಂದರ್ಭಕ್ಕೆ ಒಗ್ಗಲಿಲ್ಲ. ಆದರೆ ಏನು ತಪ್ಪು ಅಂತ ಹೇಳದೆ ಸುಮ್ನೆ ‘ಹಾಗೆಲ್ಲ ಮಾತಾಡಬಾರದು’ ಅಂದರೆ, ಕೇಳಿದವರು ಮುಂದಿನ ಕಾಲ್‌ನಲ್ಲಿ ಬಾಯಿಯೇ ಬಿಡುವುದಿಲ್ಲ. ಒಳ್ಳೆಯ ಇಂಗ್ಲಿಷ್ ಇರುವ ಎಷ್ಟೋ ಜನ ಹೀಗೇ ಮೂಕರಾಗಿದ್ದನ್ನು ನೋಡಿದ್ದೇನೆ.

ಮೇಲ್ ಹಾಕಬೇಕಾ ಅಂತ ಕೇಳಿದ್ದೀರಿ. ನನ್ನ ಅಭಿಪ್ರಾಯ, ಬೇಡ. ಒಂದು ತಿಂಗಳಾದ ಮೇಲೆ ‘ಆ ದಿನ ನಾನು ಹಾಗೆ ಅಂದದ್ದಕ್ಕೆ ಕ್ಷಮಿಸಿ’ ಅಂತ ಉದ್ದ ಮೇಲ್ ಹೋದರೆ, ಅವರು ಮರೆತದ್ದನ್ನು ನೀವೇ ನೆನಪಿಸಿದಂತೆ. ಅದು ಬರಹವಾಗಿ ಉಳಿಯುತ್ತದೆ ಬೇರೆ. ಇನ್ನೊಬ್ಬರಿಗೆ ಫಾರ್ವರ್ಡ್ ಆದರೆ ಇಲ್ಲದ ಗಾಯ ಹುಟ್ಟುತ್ತದೆ. ಏನೂ ಮಾಡದೆ ಬಿಟ್ಟರೂ ನಡೆಯುತ್ತದೆ, ಆದರೆ ನಿಮ್ಮ ಮನಸ್ಸಿನಲ್ಲಿ ಅದು ಕೊರೆಯುತ್ತಲೇ ಇರುತ್ತದೆ, ಲೀಡ್ ಕೂಡ ಆಗಾಗ ಎತ್ತಬಹುದು. ನಡುವಿನ ದಾರಿ ಒಂದಿದೆ. ಮುಂದಿನ ಸಲ ಅದೇ ರಿಲೀಸ್ ವಿಷಯ ಬಂದಾಗ, ಕ್ಯಾಮೆರಾ ಆನ್ ಮಾಡಿ, ಒಂದೇ ಸಾಲು ಹೇಳಿ: ‘ದ ಡೇಟ್ ಸರ್‌ಪ್ರೈಸ್ಡ್ ಮಿ ಲಾಸ್ಟ್ ಟೈಮ್, ಬಟ್ ಹಿಯರ್ ಈಸ್ ದ ಪ್ಲ್ಯಾನ್.’ ಸಾರಿ ಅನ್ನುವ ಪದವೂ ಬೇಡ. ಅವರಿಗೆ ಆ ಮಾತು ಚುಚ್ಚಿದ್ದರೆ ಅದು ಅಚ್ಚರಿಯಾಗಿತ್ತು ಅಂತ ತಿಳಿಯುತ್ತದೆ. ಚುಚ್ಚಿರದಿದ್ದರೆ ಪ್ಲ್ಯಾನ್ ಕಡೆ ಗಮನ ಹೋಗುತ್ತದೆ.

ಇನ್ನು ಮುಂದೆ ಇಂಥ ಹೊತ್ತಿನಲ್ಲಿ ಏನನ್ನಬೇಕು? ಅಚ್ಚರಿ ತೋರಿಸಬೇಕಾದರೆ ‘ದಟ್ಸ್ ಅರ್ಲಿಯರ್ ದ್ಯಾನ್ ಐ ಎಕ್ಸ್‌ಪೆಕ್ಟೆಡ್’ ಅನ್ನಿ. ಸಪ್ಪೆ ಅನ್ನಿಸಬಹುದು. ಸಪ್ಪೆಯಾದರೂ ಯಾರಿಗೂ ಖಾರ ಆಗುವುದಿಲ್ಲ. ‘ಸೀರಿಯಸ್ಲಿ?’ ಅನ್ನುವುದು ಸುರಕ್ಷಿತ ಅಂತ ಹಲವರು ತಿಳಿದಿದ್ದಾರೆ. ಇಲ್ಲ, ಅದು ಕಿಡ್ಡಿಂಗ್ ಮಿಗಿಂತ ಚುರುಕು. ‘ರಿಯಲಿ?’ ಪರವಾಗಿಲ್ಲ, ದನಿ ಮೇಲೇರಿಸಿ ಕೇಳಿದರೆ. ನೀವೇ ತಮಾಷೆ ಮಾಡಿ ಅದು ಎದುರಿನವರಿಗೆ ತಲುಪದಿದ್ದರೆ ‘ಐಯಾಮ್ ಜೋಕಿಂಗ್’ ಮತ್ತು ‘ಜಸ್ಟ್ ಕಿಡ್ಡಿಂಗ್’ ಎರಡೂ ನಡೆಯುತ್ತವೆ. ಎರಡನೆಯದು ಇನ್ನೂ ಸಲಿಗೆಯದು. ಕ್ಲೈಂಟ್‌ನ ದೊಡ್ಡವರು ಕೂತಿರುವ ಕಾಲ್‌ನಲ್ಲಿ ಮೊದಲನೆಯದೇ ವಾಸಿ.

‘ಜಸ್ಟ್ ಕಿಡ್ಡಿಂಗ್’ ಬಗ್ಗೆ ಒಂದು ಎಚ್ಚರಿಕೆ. ಅದು ತಮಾಷೆಯ ಬಾಲವಾಗಿ ಬಂದರೆ ಚೆನ್ನ. ಚುಚ್ಚುಮಾತಿನ ಬಾಲವಾಗಿ ಬಂದರೆ ಕೆಟ್ಟದ್ದು. ‘ನಿನ್ನ ಕೋಡ್ ನೋಡಿದ್ರೆ ಕಣ್ಣೀರು ಬರುತ್ತೆ, ಜೆಕೆ’ ಅಂತ ಚಾಟ್‌ನಲ್ಲಿ ಹಾಕುವವರಿದ್ದಾರೆ. ಜೆಕೆ ಅಂದರೆ ಜಸ್ಟ್ ಕಿಡ್ಡಿಂಗ್. ನಮ್ಮಲ್ಲಿ ಕೆಲವರು ಅದನ್ನು ಜಮ್ಮು ಕಾಶ್ಮೀರ ಅಂದುಕೊಂಡು ಮತ್ತೂ ಕಂಗಾಲಾಗುತ್ತಾರೆ. ಆ ಎರಡು ಅಕ್ಷರಕ್ಕೆ ಹೊಡೆದ ಏಟನ್ನು ಹಿಂದಕ್ಕೆ ತೆಗೆದುಕೊಳ್ಳುವ ಶಕ್ತಿ ಇಲ್ಲ. ಏಟು ತಿಂದವರು ಸಿಟ್ಟಾದರೆ ‘ಜೋಕ್ ಗೊತ್ತಾಗಲ್ವಾ’ ಅಂತ ಅವರನ್ನೇ ತಪ್ಪುಗಾರರನ್ನಾಗಿ ಮಾಡುವುದು ಮಾತ್ರ ಅದಕ್ಕೆ ಬರುತ್ತದೆ. ನಿಮಗೆ ಯಾರಾದರೂ ಹೀಗೆ ಮಾಡಿದರೆ ನೀವು ನಗಬೇಕಾಗಿಲ್ಲ.

ಮಗಳ ಶಾಲೆಯ ಮಾತಿಗೆ ಬಂದರೆ, ಮನೆಯಲ್ಲಿ, ಗೆಳೆಯರ ಹತ್ತಿರ ಕಿಡ್ಸ್ ಅನ್ನಲು ಯಾವ ಅಡ್ಡಿಯೂ ಇಲ್ಲ. ಶಾಲೆಗೆ ಪತ್ರ ಬರೆಯುವಾಗ, ಫಾರಂ ತುಂಬುವಾಗ ‘ಚಿಲ್ಡ್ರನ್’ ಬರೆಯಿರಿ. ಕಿಡ್ಸ್ ಅವಮಾನ ಅಂತಲ್ಲ, ಸಲಿಗೆ ಅಂತ. ಹದಿನೆಂಟು ದಾಟಿದವರನ್ನು ಕಿಡ್ ಅನ್ನುವಾಗ ಮಾತ್ರ ಜೋಪಾನ. ಟೀಮಿಗೆ ಹೊಸದಾಗಿ ಬಂದ ಹುಡುಗನನ್ನು ಎಲ್ಲರ ಮುಂದೆ ‘ದ ಕಿಡ್’ ಅಂದರೆ, ಅವನ ಕೆಲಸಕ್ಕೆ ಬೆಲೆ ಇಲ್ಲ ಅಂದಂತೆ ಕೇಳಿಸುತ್ತದೆ.

ಕಡೆಯದಾಗಿ ‘ಪುಲ್ಲಿಂಗ್ ಮೈ ಲೆಗ್’. ಇದಕ್ಕೂ ಒಂದು ಭಯಂಕರ ಕಥೆ ಓಡಾಡುತ್ತಿದೆ, ನಿಮ್ಮ ಗ್ರೂಪಿಗೆ ಇನ್ನೂ ಬಂದಿಲ್ಲ ಅಂದರೆ ಸದ್ಯದಲ್ಲೇ ಬರುತ್ತದೆ. ಲಂಡನ್ನಿನ ಟೈಬರ್ನ್‌ನಲ್ಲಿ ಗಲ್ಲಿಗೇರಿಸಿದವರು ಬೇಗ ಪ್ರಾಣ ಬಿಡಲಿ ಅಂತ ಅವರ ಕಾಲು ಜಗ್ಗುತ್ತಿದ್ದರು, ಅದರಿಂದ ಈ ಮಾತು ಬಂತು ಅಂತ. ಟೈಬರ್ನ್‌ನಲ್ಲಿ ಕೊನೆಯ ಗಲ್ಲು ಆದದ್ದು 1783ರಲ್ಲಿ. ಈ ನುಡಿಗಟ್ಟು ಬರಹದಲ್ಲಿ ಸಿಗುವುದು 19ನೇ ಶತಮಾನದ ಎರಡನೇ ಅರ್ಧದಲ್ಲಿ. ನಡುವೆ ಎರಡು ಮೂರು ತಲೆಮಾರು ಕಳೆದಿವೆ. ಅಲ್ಲದೆ ಸಾಯುವವನ ಕಾಲೆಳೆಯುವುದಕ್ಕೂ ನಗೆಗೂ ಏನು ಸಂಬಂಧ? ಕಥೆಯನ್ನು ಬಿಟ್ಟುಬಿಡಿ.

ಬಳಕೆಯಲ್ಲಿ ಇದು ಕಿಡ್ಡಿಂಗ್ ಮಿಗಿಂತ ಮೆದು. ಆದರೆ ನಮಗೆ ಇಲ್ಲಿ ಬೇರೆ ತೊಡಕಿದೆ. ಕನ್ನಡದ ‘ಕಾಲೆಳೆ’ಗೆ ಎರಡು ಅರ್ಥ ಅಂಟಿಕೊಂಡಿವೆ. ರೇಗಿಸುವುದು ಒಂದು. ಮೇಲೆ ಬರುತ್ತಿರುವವರನ್ನು ಹೊಟ್ಟೆಕಿಚ್ಚಿನಿಂದ ಕೆಳಕ್ಕೆಳೆಯುವುದು ಇನ್ನೊಂದು. ಇಂಗ್ಲಿಷಿನಲ್ಲಿ ಎರಡನೆಯದು ಇಲ್ಲವೇ ಇಲ್ಲ. ಹಾಗಾಗಿ ‘ನನ್ನ ಪ್ರಮೋಷನ್ ತಪ್ಪಿಸಲು ಸಹೋದ್ಯೋಗಿಗಳು ಲೆಗ್ ಪುಲ್ಲಿಂಗ್ ಮಾಡಿದರು’ ಅಂತ ಎಚ್ಆರ್‌ಗೆ ಬರೆದರೆ, ಇಲ್ಲಿಯವರಿಗೆ ದೂರು ಅಂತ ತಿಳಿಯುತ್ತದೆ. ಹೊರದೇಶದ ಎಚ್ಆರ್‌ಗೆ ಯಾರೋ ಇವರನ್ನು ನಗೆಯಾಡಿಸಿದ್ದಾರೆ, ಒಳ್ಳೆಯ ತಂಡ ಅಂತ ಅನ್ನಿಸುತ್ತದೆ. ದೂರು ಕೊಡುವುದಾದರೆ ಆ ನುಡಿಗಟ್ಟು ಬಿಟ್ಟು, ಯಾರು ಏನು ಮಾಡಿದರು ಅಂತ ನೇರವಾಗಿ ಬರೆಯಿರಿ. ಡೆಡ್‌ಲೈನ್ ವಿಷಯದಲ್ಲೂ ಅಷ್ಟೇ. ನಿಮಗಿಂತ ಹಿರಿಯರು ದಿನಾಂಕ ಹೇಳಿದಾಗ ‘ಯು ಆರ್ ಪುಲ್ಲಿಂಗ್ ಮೈ ಲೆಗ್’ ಅಂದರೆ, ಅವರು ಹೇಳಿದ್ದನ್ನು ನೀವು ನಂಬಲಿಲ್ಲ ಅಂತಲೇ ಆಗುತ್ತದೆ. ಅದನ್ನು ಕ್ಯಾಂಟೀನಿನಲ್ಲಿ ಗೆಳತಿಯರ ಜೊತೆ ಧಾರಾಳವಾಗಿ ಬಳಸಿ. ಕಾಲ್‌ನಲ್ಲಿ ‘ಯಾವ ಭಾಗವನ್ನು ಮುಂದಕ್ಕೆ ಹಾಕಿದರೆ ಈ ದಿನಾಂಕ ಸಾಧ್ಯ?’ ಅಂತ ಕೇಳಿ. ನಿಮಗೆ ಬೇಕಾಗಿದ್ದ ಎರಡು ವಾರದಲ್ಲಿ ಕೆಲವು ದಿನಗಳಾದರೂ ವಾಪಸ್ ಸಿಗಬಹುದು.